ಮಾವನವರ ರುಮಾಲು ಬೆಳ್ಳಗಾದ ಸುದ್ದಿ

ಕರೋಶಿ, ತಾ. ಚಿಕ್ಕೋಡಿ
ಸೋಮವಾರ, 15-12-2025

ಪ್ರೀತಿಯ ಮಾಳೇಶ ಅವರಿಗೆ,

ನಿಮ್ಮ ಭಾಗ್ಯಾಳ ನಮಸ್ಕಾರ. ಮೈ ಹೇಗಿದೆ? ಎಡಗಾಲಿನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತಲ್ಲ, ನಾನು ಕಳಿಸಿದ ಮುಲಾಮು ಹಚ್ಚುತ್ತಿದ್ದೀರೋ, ಇಲ್ಲ ಡಬ್ಬಿಯನ್ನು ಹಾಗೇ ಕಂಬಳಿಯ ಗಂಟಿನಲ್ಲಿ ಕಟ್ಟಿಟ್ಟಿದ್ದೀರೋ? ಖಾನಾಪುರದ ಕಡೆ ಚಳಿ ಎಲುಬಿಗೆ ಇಳಿಯುತ್ತದೆ ಎಂದು ಪಿಕಪ್ಪು ಓಡಿಸುವ ಸಮಾಧಾನ ಅಣ್ಣ ಹೇಳಿದ. ಕೆಮ್ಮು ಇದ್ದರೆ ಬೀಡಿ ಬಿಡಿ, ಬೀಡಿ ಬಿಡದಿದ್ದರೆ ಕೆಮ್ಮಿದೆ ಎಂದು ನನಗೆ ಹೇಳಬೇಡಿ. ಕರಿಮೂತಿ ಕುರಿ ಮರಿ ಹಾಕಿತೇ? ಗದ್ದೆಯವರು ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸಿಕೊಂಡದ್ದಕ್ಕೆ ಹೊಟ್ಟೆಗೆ ಸರಿಯಾಗಿ ನೋಡಿಕೊಳ್ಳುತ್ತಾರೆಯೇ? ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಉಣ್ಣುತ್ತೇವೆ, ಉಡುತ್ತೇವೆ, ಎಮ್ಮೆ ಹಾಲು ಕೊಡುತ್ತಿದೆ. ಆದರೆ ಹೋದ ಗುರುವಾರದಿಂದ ಈ ಮನೆಯಲ್ಲಿ ಯಾರೂ ಕೂತಲ್ಲಿ ಕೂತಿಲ್ಲ, ನಿಂತಲ್ಲಿ ನಿಂತಿಲ್ಲ. ನಾನೂ ಈ ಕಾಗದವನ್ನು ಅರ್ಧ ಒಲೆಯ ಮುಂದೆ, ಅರ್ಧ ಹಿತ್ತಲಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿದಿದ್ದರೆ ನಗಬೇಡಿ.

ಫೋನಿರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ನಿಮ್ಮ ಫೋನು ಹಳ್ಳಕ್ಕೆ ಬಿದ್ದ ಮೇಲೆ ಹಿಂಡಿಗೆಲ್ಲ ಉಳಿದದ್ದು ಮಾಯಪ್ಪ ಕಾಕಾನ ಫೋನೊಂದೇ. ಕಾಕಾನಿಗೆ ಸ್ಪೀಕರ್ ಹಾಕದೆ ಮಾತಾಡಲು ಬರುವುದಿಲ್ಲ, ಪಿಸುಮಾತು ಕೇಳಿಸುವುದಿಲ್ಲ. ಮೊನ್ನೆ ನಾನು "ಅವರಿಗಷ್ಟ ಒಂದ ಮಾತ ಹೇಳೂದೈತ್ರಿ" ಎಂದರೆ "ಹೇಳ ಬೇ, ನಾವೂ ಕೇಳತೀವಿ, ನಮಗೂ ಹೊತ್ತ ಹೋಗವಲ್ದು" ಎಂದರು. ಸುತ್ತಲಿದ್ದವರೆಲ್ಲ ನಕ್ಕದ್ದು ಇಲ್ಲಿಗೆ ಕೇಳಿಸಿತು. ಅವರ ಹಿಂದಿನಿಂದ ನೀವು "ಹೂಂ" ಎಂದಿರಿ. ನಿಮ್ಮ ಹೂಂ ಎಂದರೆ ಏನೆಂದು ನನಗೆ ಗೊತ್ತು. ಒಂದು ಹೂಂ ಹೌದು, ಒಂದು ಹೂಂ ನೋಡೋಣ, ಒಂದು ಹೂಂ ಸಾಕು ಬಾಯಿ ಮುಚ್ಚು. ಆದರೆ ನಿಮ್ಮ ಅಣ್ಣನಿಗೆ ನಿಮ್ಮ ಎಲ್ಲ ಹೂಂಗಳೂ ಹೌದೇ. ನಿನ್ನೆ ಮಹಾದೇವ ಭಾವ ಫೋನಿನಲ್ಲಿ "ಅಮಾಸಿಗಿ ಬಂದ ಕೈ ಹಚ್ಚಿ ಹೋಗ" ಎಂದಾಗ ಕೂಡ ನೀವು ಹೂಂ ಎಂದಿರಂತೆ. ಅದು ಯಾವ ಹೂಂ ಎಂದು ನನಗೆ ತಿಳಿದಿಲ್ಲ. ಅದಕ್ಕೇ ಈ ಕಾಗದ.

ಮೊದಲು ನನ್ನ ಕೆಲಸದ ಸುದ್ದಿ ಹೇಳಬೇಕು, ಮುಂದಿನ ರಾಮಾಯಣವೆಲ್ಲ ಅಲ್ಲಿಂದಲೇ ಶುರುವಾಯಿತು. ನೀವು ಹೊರಡುವ ಹೊತ್ತಿಗೆ ನಾನು ನಿಮ್ಮ ತಂಗಿ ಕೋಮಲಳ ಹಳೆಯ ಕಪ್ಪು ಕುರ್ತಾಕ್ಕೆ ಬ್ಲೀಚ್ ಹಾಕಿ ನೋಡುತ್ತಿದ್ದೆನಲ್ಲ? ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿ ಮೂಲೆ ಸೇರಿದ್ದ ಕುರ್ತಾ. ಅದನ್ನು ಅಂಗಳದಲ್ಲಿ ಹಾಸಿ, ಮೇಲೆ ನುಗ್ಗೆಯ ಎಲೆ ಹರಡಿ, ಕ್ಷೌರದ ಅಂಗಡಿಯಲ್ಲಿ ನೀರು ಚಿಮುಕಿಸುತ್ತಾರಲ್ಲ ಅಂಥ ಬಾಟಲಿಯಿಂದ ಬ್ಲೀಚ್ ನೀರು ಸಿಂಪಡಿಸಿದೆ. ನೋಡುನೋಡುತ್ತಲೇ ಕಪ್ಪು ಹೋಗಿ ಇಟ್ಟಂಗಿಯ ಬಣ್ಣ ಬಂತು. ಎಲೆ ಇದ್ದಲ್ಲಿ ಮಾತ್ರ ಕಪ್ಪು ಹಾಗೇ ಉಳಿದು ಕುರ್ತಾದ ತುಂಬ ನುಗ್ಗೆಸೊಪ್ಪು ಬೆಳೆಯಿತು. ಚಿಕ್ಕೋಡಿಯಲ್ಲಿ ಅವಳ ಜೊತೆ ನರ್ಸಿಂಗ್ ಓದುವ ಹುಡುಗಿಯರು "ನಿಪ್ಪಾಣಿಯ ಯಾವ ಅಂಗಡ್ಯಾಗ ತಗೊಂಡಿ?" ಎಂದು ಕೇಳಿದರಂತೆ. ಅಲ್ಲಿಂದ ಶುರು. ಬಣ್ಣ ಮಾಸಿದ ಜೀನ್ಸು, ಟೀ ಶರ್ಟು, ದುಪಟ್ಟಾ, ಒಂದೊಂದೇ ಬರತೊಡಗಿದವು. ಓಣಿಯ ಗಿರಿಜವ್ವಕ್ಕ ಬಾಳೆಯ ಕಲೆ ಬಿದ್ದು ಕೆಟ್ಟಿದ್ದ ನೀಲಿ ನೂಲಿನ ಸೀರೆ ತಂದರು. ಬಾಳೆಯ ಕಲೆ ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಅದನ್ನು ತೆಗೆಯುವ ಗೋಜಿಗೇ ಹೋಗದೆ ಸೀರೆಯ ತುಂಬ ಬ್ಲೀಚಿನ ಚುಕ್ಕೆ ಇಟ್ಟುಬಿಟ್ಟೆ, ಕಲೆ ಯಾವುದು ಚುಕ್ಕೆ ಯಾವುದು ಎಂದು ಗಿರಿಜವ್ವಕ್ಕನಿಗೇ ಗೊತ್ತಾಗಲಿಲ್ಲ. ಅದನ್ನು ಉಟ್ಟುಕೊಂಡು ಎರಡು ಬೀಗರ ಮನೆಗೆ ಹೋಗಿ ಬಂದಿದ್ದಾರೆ.

ಬೋರಗಾಂವದಲ್ಲಿ ಪಾವರ್‌ಲೂಮಿನ ಖಟಖಟ ಕೇಳುತ್ತಲೇ ಬೆಳೆದವಳು ನಾನು, ಬಟ್ಟೆಯ ಗುಣ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಯಾರು ಏನೇ ತಂದರೂ ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತೇನೆ. ಕಾಗದದ ಹಾಗೆ ಉರಿದರೆ ಹತ್ತಿ, ಅದಕ್ಕೆ ಬ್ಲೀಚ್ ಹತ್ತುತ್ತದೆ. ಕರಗಿ ಮಣಿಯಾದರೆ ಪಾಲಿಸ್ಟರ್, ಅದಕ್ಕೆ ಬಾಟಲಿ ಪೂರ್ತಿ ಸುರಿದರೂ ನಾಚಿಕೆಯಿಲ್ಲ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಇಲ್ಲವೇ ಉಣ್ಣೆ, ಅದು ಬ್ಲೀಚಿನ ಹತ್ತಿರ ಸುಳಿಯಬಾರದು. ನಿಮ್ಮ ಕಂಬಳಿಯಿಂದ ಉದುರಿದ ಒಂದು ಚೂರನ್ನು ಪರೀಕ್ಷೆಗೆಂದು ಲೋಟದಲ್ಲಿ ಹಾಕಿದ್ದೆ, ಸಂಜೆಗೆ ಲೋಳೆಯಾಗಿ ಕರಗಿಹೋಗಿತ್ತು. ಹೆದರಬೇಡಿ, ಚೂರು ಅಷ್ಟೇ, ಕಂಬಳಿ ನಿಮ್ಮ ಹೆಗಲ ಮೇಲೇ ಇದೆಯಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತೇನೆ, ಬಯಲಲ್ಲೇ ಮಾಡುತ್ತೇನೆ, ಪಾಯಖಾನೆಯ ಆ್ಯಸಿಡ್ಡನ್ನು ಅದರ ಬಳಿ ಸೇರಿಸುವುದಿಲ್ಲ. ಭಾವ ಮೂಗು ಮುಚ್ಚಿಕೊಂಡು "ಬ್ಲೀಚಿಂಗ್ ಪುಡಿ ಹಾಕಿದ ಪಂಚಾಯ್ತಿ ಬಾವಿ ಮನಿಗೆ ಬಂದಂಗ ಆಗೈತಿ" ಎಂದು ಗೊಣಗುತ್ತಿದ್ದರು. ಅತ್ತೆ ಮಾತ್ರ ಎಲೆ ಅಡಿಕೆ ಜಗಿಯುತ್ತ ಕಟ್ಟೆಯ ಮೇಲೆ ಕೂತು ಪ್ರತಿಯೊಂದನ್ನೂ ನೋಡುತ್ತಿದ್ದರು. "ಬಣ್ಣ ಹಾಕಾಕ ರೊಕ್ಕ ಕೊಡೋರನ್ನ ನೋಡೀನಿ, ಬಣ್ಣ ತಗ್ಯಾಕ ರೊಕ್ಕ ಕೊಡೋರನ್ನ ಈಗ ನೋಡಾಕತ್ತೀನಿ ನೋಡ" ಎಂದು ನಗುತ್ತಿದ್ದರು. ಆ ನಗು ಈಗ ಮನೆಯಲ್ಲಿಲ್ಲ.

ಹಾಲು ಉಕ್ಕಿತು, ಎದ್ದು ಹೋಗಿ ಬಂದೆ. ಎಲ್ಲಿದ್ದೆ? ರುಮಾಲಿನ ವಿಷಯ. ನೀವು ಹಿಂಡು ಹೊಡೆದುಕೊಂಡು ಹೋದ ಮರುವಾರ ಪಾಲಬಾವಿಯ ವಿಠೋಬಾ ಅವರು ಬಂದಿದ್ದರು. ಎರಡು ಬೇಸಿಗೆ ನಮ್ಮ ಕುರಿಗಳಿಗೆ ತಮ್ಮ ಬಾವಿಯ ನೀರು ಬಿಟ್ಟವರು, ಅವರ ಉಪಕಾರ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಚಹಾ ಆಯಿತು, ಊಟ ಆಯಿತು, ಎಲೆ ಅಡಿಕೆ ಹಾಕಿಕೊಳ್ಳುವಾಗ ಮಾತು ಅವರ ಮಗನ ಮೇಲೆ, ಅವನಿಂದ ನಮ್ಮ ಕೋಮಲಳ ಮೇಲೆ ಬಂತು. ಭಾವ ಎದ್ದವರೇ ದೇವರ ಜಗಲಿಯ ಬುಟ್ಟಿಯಿಂದ ಮಾವನವರ ಬಿಳಿ ರುಮಾಲು ತಂದು ಹಾಸಿದರು. ಮಾವನವರು ತೀರಿಕೊಂಡ ಮೇಲೆ ಯಾರ ತಲೆಗೂ ಏರದ ರುಮಾಲು. ಅದರ ಮೇಲೆ ಬೀರಪ್ಪನ ಭಂಡಾರ ಸುರಿದು, ಬಿಲ್ವಪತ್ರಿ ಇಟ್ಟು, ಇಬ್ಬರೂ ಕೈ ಹಚ್ಚಿ ಎತ್ತಿ ಹಣೆಗೆ ಒತ್ತಿಕೊಂಡರು. "ನಮ್ಮ ಹುಡುಗಿ ನಿಮ್ಮ ಮನಿಗೆ" ಎಂದು ಭಾವ ಅಂದದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಕೇಳಿಸಿತು. ಭಂಡಾರ ಎಂದರೆ ಅರಿಷಿಣದ ಪುಡಿಯೇ, ದೇವರ ಮುಂದೆ ಇಟ್ಟ ಮೇಲೆ ಅದರ ಹೆಸರೂ ಬೇರೆ, ತೂಕವೂ ಬೇರೆ. ನನ್ನ ತವರಿನಲ್ಲಿ ಈ ಪದ್ಧತಿ ಇಲ್ಲ, ಅತ್ತೆಯನ್ನು ಕೇಳಿ ತಿಳಿದುಕೊಂಡೆ. ಮಾತು ಕೊಟ್ಟ ಆ ಬಟ್ಟೆಯನ್ನು ಭಂಡಾರದ ಸಮೇತ ಮಡಿಸಿ ಜಗಲಿಯ ಮೇಲೆ ಇಡಬೇಕಂತೆ. ಮದುವೆಯ ಅಕ್ಕಿಕಾಳು ಬೀಳುವವರೆಗೆ ಅದಕ್ಕೆ ನೀರು ಸೋಕಬಾರದಂತೆ. ಸೋಕಿದರೆ ಆ ಮಾತು ಹೋಯಿತು, ಹೊಸದಾಗಿ ಎತ್ತಬೇಕು. ಬೇರೆ ಕಡೆ ಹೇಗೋ, ಈ ಮನೆಯಲ್ಲಿ ಹೀಗೇ ನಡೆದು ಬಂದಿದೆ ಎಂದರು.

ಆ ಹುಡುಗ ಕೆಟ್ಟವನಲ್ಲ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ದೊಡ್ಡ ಹಿಂಡು, ಸ್ವಂತ ಬಾವಿ. ಕೆಟ್ಟವನಾಗಿದ್ದರೆ ಬೇಡ ಎನ್ನುವುದು ಎಷ್ಟು ಸುಲಭವಿತ್ತು! ಆದರೆ ಅವರಿಗೆ ಮದುವೆ ಮಾಘದಲ್ಲೇ ಆಗಬೇಕು, ಕೋಮಲಳ ಕೊನೆಯ ಪರೀಕ್ಷೆ ಅದಾದ ಮೇಲೆ. ಮದುವೆಯ ನಂತರ ದವಾಖಾನೆಯ ಕೆಲಸ ಬೇಡವೇ ಬೇಡ. "ನಮ್ಮ ಮನಿ ಸೊಸಿ ಮಂದಿ ಮೈ ಮುಟ್ಟೂದಿಲ್ಲ" ಎಂದು ವಿಠೋಬಾ ಅವರು ಕಡ್ಡಿ ಮುರಿದ ಹಾಗೆ ಹೇಳಿ ಹೋದರು. ಕಳೆದ ವರ್ಷ ನಿಮಗೆ ಜ್ವರ ನೆತ್ತಿಗೇರಿದಾಗ ಇದೇ ಕೋಮಲ ನಿಮಗೆ ಸಲಾಯಿನ್ ಹಚ್ಚಿ, ಬೆಳಗಿನವರೆಗೆ ಕೂತು ಹಣೆ ಒರೆಸಿದಳು, ಅದೂ ಮಂದಿ ಮೈಯೇ ಅಲ್ಲವೇ? ಅವಳು ಒಂದೇ ಸಲ, ಊಟಕ್ಕೆ ಕೂತಾಗ, "ನನ್ನ ಯಾರರೆ ಕೇಳಿದ್ರೇನ?" ಎಂದಳು. ಭಾವ ತಲೆ ಎತ್ತದೆ "ಕೇಳೂದೇನೈತಿ, ಭಂಡಾರ ಎತ್ತೀನಿ" ಎಂದು ರೊಟ್ಟಿ ಮುರಿದರು. ಅತ್ತೆ ಅವರ ತಾಟಿಗೆ ಇನ್ನಷ್ಟು ಪಲ್ಯ ಹಾಕಿದರು. ಆ ದಿನ ನನಗೆ ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಗುರುವಾರ ಆದದ್ದು ಇಷ್ಟು. ಬಿಸಿಲು ಚೆನ್ನಾಗಿತ್ತು. ಗಿರಿಜವ್ವಕ್ಕನ ಮನೆಯ ಕಿಟಕಿಯ ಪರದೆಗಳನ್ನು ಬೆಳ್ಳಗೆ ಮಾಡಲು ಹಿತ್ತಲಿನ ಬಕೆಟ್ಟಿನಲ್ಲಿ ಬ್ಲೀಚ್ ನೀರು ಕಲಸಿ, ಪರದೆ ಅದ್ದಿಟ್ಟು, ಎಮ್ಮೆಗೆ ಮೇವು ತರಲು ಹೋದೆ. ಭಾವ ಕಬ್ಬಿನ ಹೊಲದಲ್ಲಿದ್ದರು. ಅವರ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾರೆಂದು ನಿಮಗೆ ಗೊತ್ತೇ ಇದೆ. ಮನೆಯಲ್ಲಿದ್ದವರು ಅತ್ತೆ ಮತ್ತು ಕೋಮಲ. ಮೇವು ತಂದು ಹಾಕಿ, ಪರದೆ ಎತ್ತಿದರೆ ಅದರ ಕೆಳಗೆ ಇನ್ನೊಂದು ಬಟ್ಟೆ. ನಮ್ಮ ಮದುವೆಯಲ್ಲಿ ಅರಿಷಿಣ ಹತ್ತಿದ ನಿಮ್ಮ ಅಂಗಿಗೆ ನಾನು ಸಾಬೂನು ತಿಕ್ಕಿದಾಗ ಅದು ಕೆಂಪಾಗಿ, ನೀವು "ಕೈ ಕೊಯ್ಕೊಂಡ್ಯೇನ?" ಎಂದು ಓಡಿ ಬಂದಿದ್ದಿರಲ್ಲ, ಅದೇ ಕೆಂಪು ಆ ಬಟ್ಟೆಯ ಮಡಿಕೆಯ ಒಳಗೆ ಸ್ವಲ್ಪ ಉಳಿದಿತ್ತು. ಬಿಡಿಸಿ ನೋಡಿದೆ, ಮಾವನವರ ರುಮಾಲು. ಕೊಡದ ಮೇಲೆ ಕೊಡ ತಣ್ಣೀರು ಸುರಿದೆ. ಆದರೆ ಭಂಡಾರ ಆಗಲೇ ಹೋಗಿತ್ತು. ಅಂಗಡಿಯಿಂದ ಈಗ ತಾನೇ ಹರಿದು ತಂದ ಹಾಗೆ ಬೆಳ್ಳಗಿತ್ತು, ಒಂದು ಮೂಲೆ ಮಾತ್ರ ಸತ್ತುಹೋಗಿ ಹಿಡಿದರೆ ಹಿಸಿಯುತ್ತಿತ್ತು.

ಅಷ್ಟರಲ್ಲಿ ಭಾವ ಬಂದರು. ರುಮಾಲು ನನ್ನ ಕೈಯಲ್ಲಿತ್ತು, ಬ್ಲೀಚಿನ ವಾಸನೆ ಇಡೀ ಹಿತ್ತಲಿಗೆ ಅಡರಿತ್ತು, ಇನ್ನೇನು ಬೇಕು? ಅತ್ತೆ ಎಲ್ಲರಿಗಿಂತ ಜೋರಾಗಿ "ಅಯ್ಯ ನನ್ನ ಶಿವನ, ಏನ ಆಗಿ ಹೋತ ಇದು!" ಎಂದು ಬಾಯಿ ಬಡಿದುಕೊಂಡರು. ಭಾವ ಬಕೆಟ್ಟಿಗೆ ಒದ್ದರು, ನನ್ನ ಬ್ಲೀಚಿನ ಬಾಟಲಿಗಳನ್ನು ತಿಪ್ಪೆಗೆ ಎಸೆದರು. "ಹಳದಿ ಕಂಡರ ಸಾಕ, ಇಕಿಗೆ ಬಕೀಟ ನೆನಪಾಕ್ಕೈತಿ. ನಮ್ಮಪ್ಪನ ರುಮಾಲಾ ಇಕಿ ಕಣ್ಣಿಗೆ ಹಳೇ ಅರಬಿ" ಎಂದರು. ನಾನು ಹಾಕಿರಲಿಲ್ಲ. ಜಗಲಿಯ ಬುಟ್ಟಿಯನ್ನು ನಾನು ಯಾವತ್ತೂ ಮುಟ್ಟಿದವಳಲ್ಲ, ನಿಮ್ಮ ಆಣೆ. ಹಾಗೆಂದು ಹೇಳಲು ಬಾಯಿ ತೆರೆದೆ. ಎದುರಿಗೆ ಬಾಗಿಲಲ್ಲಿ ಕೋಮಲ ಕೊಡ ಹಿಡಿದು ನಿಂತಿದ್ದಳು, ಮುಖ ಸುಣ್ಣದ ಗೋಡೆಯಾಗಿತ್ತು. ನಾನಲ್ಲ ಎಂದರೆ ಮುಂದಿನ ಪ್ರಶ್ನೆ ಅವಳಿಗೇ ಎಂದು ಹೊಳೆಯಿತು. ಅವಳೇ ಹಾಕಿದ್ದಾಳೆ ಎಂದು ಹೊಳೆದದ್ದೂ ಆಗಲೇ. ತೆರೆದ ಬಾಯಿಯಿಂದ "ತಪ್ಪಾತ್ರೀ ಭಾವ" ಎಂಬ ಮಾತು ಬಂತು. ಉಗುಳಲೂ ಆಗದ, ನುಂಗಲೂ ಆಗದ ಮಾತು. ಆಮೇಲೆ ಒಬ್ಬಳೇ ಸಿಕ್ಕಾಗ ಕೋಮಲಳನ್ನು ಕೇಳಿದೆ. "ನಾನಲ್ಲ ವೈನಿ, ಖರೇನ ನಾನಲ್ಲ" ಎಂದು ಅತ್ತಳು. ನಾನು ನಂಬಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ನಾನೂ ಹಾಕುತ್ತಿದ್ದೆ, ನಾನೂ ಅಲ್ಲ ಎನ್ನುತ್ತಿದ್ದೆ.

ಅಂದಿನಿಂದ ಓಣಿಯಲ್ಲಿ ನನಗೆ ಹೊಸ ಹೆಸರು ಬಂದಿದೆ, ದೇವರನ್ನು ತೊಳೆದವಳು ಅಂತ. ಬಟ್ಟೆ ಕೊಟ್ಟಿದ್ದವರು ಒಬ್ಬೊಬ್ಬರೇ ಬಂದು ಒಯ್ದರು. ಗಿರಿಜವ್ವಕ್ಕ ಮಾತ್ರ ಅರ್ಧ ಬೆಳ್ಳಗಾದ ಪರದೆಗಳನ್ನು ತೆಗೆದುಕೊಂಡು ಹೋಗುತ್ತ "ಇರಲಿ ಬಿಡವ್ವಾ, ಕಿಟಕಿಗೇನ ಲಗ್ನ ಐತಿ?" ಎಂದು ನಗಿಸಿ ಹೋದರು. ಭಾವ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ನೀರು ಬೇಕಾದರೂ ಗೋಡೆಗೆ ಹೇಳುತ್ತಾರೆ, ಗೋಡೆಯ ಪರವಾಗಿ ನಾನು ಕೊಡುತ್ತೇನೆ. ಶನಿವಾರ ಅವರು ಬೀರಪ್ಪನ ಗುಡಿಯ ಪೂಜಾರಿಯನ್ನು ಕೇಳಿ ಬಂದರು. ಪೂಜಾರಿ ಮಾವನವರ ಹೆಸರು ಹಿಡಿದು ಹೇಳಿದ್ದು ಇದು: ಮಾಳಸಿದ್ದನ ರುಮಾಲಿಗೆ ಮಾಳಸಿದ್ದನ ಇಬ್ಬರೂ ಮಕ್ಕಳ ಕೈ ಹತ್ತಬೇಕಿತ್ತು, ಒಬ್ಬನೇ ಎತ್ತಿದ್ದಕ್ಕೆ ದೇವರು ಆ ಮಾತನ್ನು ಒಪ್ಪದೆ ತೊಳೆದುಬಿಟ್ಟಿದ್ದಾನೆ. ಇನ್ನೊಮ್ಮೆ ಇಬ್ಬರೂ ಕೂಡಿ ಎತ್ತಿರಿ. ದೇವರಿಗೆ ನನ್ನ ಬಕೆಟ್ಟು ಯಾಕೆ ಬೇಕಾಯಿತು ಎಂದು ಕೇಳಬೇಕೆನಿಸಿತು. ವಿಠೋಬಾ ಅವರೂ ಒಪ್ಪಿದ್ದಾರೆ. ಈ ಶುಕ್ರವಾರ, ಎಳ್ಳ ಅಮಾವಾಸ್ಯೆಗೆ, ಹೊಲದಲ್ಲಿ ಭೂತಾಯಿಯ ಎಡೆಯಾಗಿ ಚರಗ ಚೆಲ್ಲಿ ಊಟ ಮುಗಿದ ಮೇಲೆ ಅದೇ ರುಮಾಲು ಹಾಸುತ್ತಾರೆ. ನಿಮ್ಮ ಕೈಯಿಲ್ಲದೆ ಈ ಸಲ ಭಂಡಾರ ಏಳುವುದಿಲ್ಲ.

ಇದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ. ನೀವು ಬರಬೇಕು. ಬಂದು ಕೈ ಹಚ್ಚಬಾರದು. ಬರದೇ ಉಳಿದರೆ ಆದೀತು ಎಂದು ನಿಮ್ಮ ಮನಸ್ಸು ಹೇಳುತ್ತಿರುತ್ತದೆ, ಅದು ನನಗೆ ಇಲ್ಲಿಂದಲೇ ಕೇಳಿಸುತ್ತದೆ. ಆದರೆ ನೀವು ಬರದಿದ್ದರೆ ಅವರು ಮುಂದಿನ ಅಮಾವಾಸ್ಯೆಗೆ ಇಡುತ್ತಾರೆ, ಇಲ್ಲವೇ ಮಾಯಪ್ಪ ಕಾಕಾನ ಫೋನಿನಲ್ಲಿ ನಿಮ್ಮ ಒಂದು ಹೂಂ ಕೇಳಿಸಿಕೊಂಡು ಅದನ್ನೇ ಕೈ ಎಂದು ಲೆಕ್ಕ ಹಿಡಿಯುತ್ತಾರೆ. ಬಂದು, ಎಲ್ಲರ ಮುಂದೆ, ಬಾಯಿ ಬಿಟ್ಟು ಬೇಡ ಎನ್ನಬೇಕು. ಜಗಳ ಮಾಡಿ ಎನ್ನುವುದಿಲ್ಲ. ವಿಠೋಬಾ ಅವರ ನೀರಿನ ಋಣ ತೀರಿಸಲು ಬೇರೆ ದಾರಿ ಇಲ್ಲವೇ? ಹಿಂಡು ತಿರುಗಿ ಬಂದಾಗ ಅವರ ಹೊಲದಲ್ಲಿ ಅವರಿಗೆ ಸಾಕೆನಿಸುವವರೆಗೆ ಕುರಿ ನಿಲ್ಲಿಸಿ. ಗೊಬ್ಬರಕ್ಕೆ ಗೊಬ್ಬರ ಆಯಿತು, ಮಾತಿಗೆ ಮಾನ ಉಳಿಯಿತು. ಉಪಕಾರಕ್ಕೆ ಉಪಕಾರ ಮಾಡೋಣ, ಹುಡುಗಿಯನ್ನು ಯಾಕೆ ಕೊಡೋಣ? ಅಣ್ಣನ ಎದುರು ಮಾತಾಡಿದರೆ ಮನೆ ಒಡೆಯುತ್ತದೆ ಎಂದು ನೀವು ಹೆದರುತ್ತೀರಿ. ನನಗೂ ಹೆದರಿಕೆ ಇದೆ. ಅಣ್ಣನಾಗಿ ಭಾವ ಕೆಟ್ಟವರಲ್ಲ, ನಮ್ಮನ್ನೆಲ್ಲ ಹೊತ್ತು ಸಾಕಿದ್ದಾರೆ, ಕೋಮಲಳ ಫೀಸು ಕಟ್ಟಿದವರೂ ಅವರೇ. ಫೀಸು ಕಟ್ಟಿ ಪರೀಕ್ಷೆ ತಪ್ಪಿಸುವುದು ಯಾವ ಲೆಕ್ಕ ಎಂದು ಅವರಿಗೆ ಕೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ, ಅಷ್ಟೇ.

ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದನ್ನೂ ಬರೆದುಬಿಡುತ್ತೇನೆ. ನೀವು ಒಳ್ಳೆಯವರು, ನಿಮ್ಮಂಥ ಗಂಡ ಸಿಗಬೇಕೆಂದರೆ ಪುಣ್ಯ ಬೇಕು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ನಿಮ್ಮ ಒಳ್ಳೆಯತನ ಯಾವಾಗಲೂ ದೂರದ ಮಾಳದಲ್ಲಿ ಕುರಿ ಕಾಯುತ್ತಿರುತ್ತದೆ, ಮನೆಯಲ್ಲಿ ಬೇಕಾದಾಗ ಸಿಗುವುದಿಲ್ಲ. ಕೋಮಲ ಈಗ ಕಾಲೇಜಿಗೂ ಹೋಗುತ್ತಿಲ್ಲ. ಪುಸ್ತಕ ತೆರೆದು ಕೂರುತ್ತಾಳೆ, ಹಾಳೆ ತಿರುವುವುದಿಲ್ಲ. ಅತ್ತೆ ಒಳಗೆ ಹೊರಗೆ, ಒಳಗೆ ಹೊರಗೆ ತಿರುಗುತ್ತಾರೆ, ಯಾಕೆಂದು ಕೇಳಿದರೆ ಎಮ್ಮೆ ಕೂಗಿತು ಎನ್ನುತ್ತಾರೆ. ಎಮ್ಮೆ ಕೂಗಿರುವುದಿಲ್ಲ. ಅವರ ಬೆರಳ ತುದಿಯ ಚರ್ಮ ಬೇರೆ ಸುಲಿದು ಹೋಗಿದೆ, ಸುಣ್ಣ ಹತ್ತಿತು ಎನ್ನುತ್ತಾರೆ, ಎಣ್ಣೆ ಹಚ್ಚಿಸಿಕೊಳ್ಳಲೂ ಕೈ ಕೊಡುವುದಿಲ್ಲ. ನಾನು ಒಗೆದದ್ದನ್ನೇ ಒಗೆಯುತ್ತೇನೆ. ರುಮಾಲು ದಾರದ ಮೇಲೆ ಒಣಗಿ ಮೂರು ದಿನವಾಯಿತು, ತೆಗೆಯಲು ಯಾರೂ ಮುಂದಾಗುತ್ತಿಲ್ಲ. ಗಾಳಿಗೆ ಪಟಪಟ ಎಂದಾಗಲೆಲ್ಲ ಎಲ್ಲರೂ ಒಮ್ಮೆ ಆ ಕಡೆ ನೋಡುತ್ತೇವೆ.

ಸಮಾಧಾನ ಅಣ್ಣನ ಪಿಕಪ್ಪು ನಿಮ್ಮ ಕಡೆ ಹಿಟ್ಟು, ಖಾರ ಹೊತ್ತು ಇಂದೇ ಹೊರಡುತ್ತದೆ. ಹೆಸರು ಸಮಾಧಾನ, ಕೈ ಯಾವಾಗಲೂ ಹಾರ್ನಿನ ಮೇಲೆ. ಆದರೆ ನಂಬಿಕೆಯ ಮನುಷ್ಯ, ಕಾಗದವನ್ನು ನಿಮ್ಮ ಕೈಗೇ ಕೊಡುತ್ತೇನೆ, ಕಾಕಾನ ಕಣ್ಣಿಗೂ ತೋರಿಸುವುದಿಲ್ಲ ಎಂದಿದ್ದಾನೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ನಿಮ್ಮ ಉಲನ್ ಟೊಪ್ಪಿ ಗಂಟಿನಲ್ಲಿವೆ. ಟೊಪ್ಪಿಗೆ ಬ್ಲೀಚ್ ಸೋಕಿಲ್ಲ, ಧೈರ್ಯವಾಗಿ ಹಾಕಿಕೊಳ್ಳಿ. ಗುರುವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಬಂದು ಮುಟ್ಟುತ್ತೀರಿ. ಮಾಯಪ್ಪ ಕಾಕಾನಿಗೆ ನನ್ನ ನಮಸ್ಕಾರ ಹೇಳಿ, ಕಾಗದದಲ್ಲಿ ಏನಿದೆ ಎಂದು ಕೇಳಿದರೆ ಹಿಮ್ಮಡಿಯ ಔಷಧ ಬರೆದಿದ್ದಾಳೆ ಎನ್ನಿ. ನಾಯಿಗಳಿಗೆ ನನ್ನ ಲೆಕ್ಕದಲ್ಲಿ ಒಂದೊಂದು ರೊಟ್ಟಿ ಹಾಕಿ. ಬೀರಪ್ಪ ನಿಮ್ಮನ್ನೂ ಹಿಂಡನ್ನೂ ಕಾಯಲಿ, ನಿಮ್ಮ ನಾಲಿಗೆಗೂ ಸ್ವಲ್ಪ ಬಲ ಕೊಡಲಿ.

ದಾರಿ ನೋಡುತ್ತಿರುವ ನಿಮ್ಮ
ಭಾಗ್ಯಾ

ತಾ. ಕ.: ಪಿಕಪ್ಪು ಬಂದು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ರೊಟ್ಟಿಯ ಗಂಟು ಕಟ್ಟುತ್ತಿದ್ದ ಅತ್ತೆ "ಏನೇನ ಬರದಿ, ಓದ" ಎಂದರು. ನನ್ನ ಸಿಟ್ಟಿನ ಮಾತು ಬಿಟ್ಟು ಉಳಿದದ್ದು ಓದಿದೆ. ನಾನು ಭಾವನಿಗೆ ತಪ್ಪಾತ್ರೀ ಎಂದದ್ದು ಕೋಮಲಳ ಸಲುವಾಗಿ ಎಂದು ಬರೆದಿದ್ದೇನಲ್ಲ, ಅಲ್ಲಿಗೆ ಬಂದಾಗ ಗಂಟು ಬಿಟ್ಟು ಕೂತುಬಿಟ್ಟರು. "ಕೋಮಲಾನೂ ಅಲ್ಲ, ನೀನೂ ಅಲ್ಲ. ನಾ ಹಾಕೀನಿ" ಎಂದರು. ಮಗಳನ್ನು ಉಳಿಸಲು ಹೇಳುತ್ತಿದ್ದಾರೆ ಎಂದುಕೊಂಡೆ. ಆಗ ಸುಲಿದ ಬೆರಳು ಮುಂದೆ ಚಾಚಿ "ಪರದೆ ಎತ್ತಿ, ಕೆಳಗ ತುರುಕಿ, ಕೈಲೆ ಒತ್ತಿ ಹಿಡದೆ. ಕೆಂಪ ಆತು, ಆಮ್ಯಾಗ ಬಿಳೀ ಆತು. ಮಾದೇವ ಬಂದಾಗ ಅಂಜಿ ಚೀರಿದೆ, ನಿನ್ನ ಮ್ಯಾಲ ಬಂದದ್ದ ನೋಡೀನೂ ಸುಮ್ಮ ನಿಂತೆ" ಎಂದು ಅತ್ತರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. "ನನಗೂ ಹಿಂಗ, ಇಬ್ಬರ ಗಂಡಸರ ಕೂಡಿ ಭಂಡಾರ ಎತ್ತಿ ಕೊಟ್ಟರು. ಇವರ ಅಪ್ಪ ಕೆಟ್ಟಾವ ಅಲ್ಲ. ಆದರ ನನ್ನ ಯಾರೂ ಕೇಳಲಿಲ್ಲ" ಎಂದರು. ಅಮಾವಾಸ್ಯೆಯ ದಿನ ಎಲ್ಲರ ಮುಂದೆ ತಾವೇ ಹೇಳುತ್ತಾರಂತೆ. ಕಾಗದದಲ್ಲಿ ಅತ್ತೆ ಎಂದು ಬರೆದರೆ ಸಾಲದು, ದುಂಡವ್ವ ಎಂದೇ ಬರಿ ಎಂದರು, ಬರೆದದ್ದು ಎಲ್ಲಿದೆ ಎಂದು ಬೆರಳಿಟ್ಟು ನೋಡಿದರು. ಇದು ಅವರು ನಿಮಗೆ ಹೇಳಿ ಬರೆಸಿದ ಮಾತು: "ಮಾಳೇಶಾ, ರುಮಾಲಾ ತೊಳದಾಕಿ ನಿಮ್ಮವ್ವ ದುಂಡವ್ವ. ಅಮಾಸಿಗಿ ಬಾ. ನಿನಗ ಮಾತಾಡಾಕ ಆಗಲಿಲ್ಲಂದ್ರ ಬಿಡು, ನಾ ಮಾತಾಡತೀನಿ. ನೀ ನನ್ನ ಬಾಜೂಕ ಬಂದ ನಿಂದರು."